ಒಂದು ದಿನದ ಪೊಟ್ಟಣ

ಹೋದ ವಾರ ಕಾಲೇಜಿನ ಆಫೀಸಿನಲ್ಲಿ ಊಟದ ಹೊತ್ತಿಗೆ ಪಕ್ಕದ ಮೇಜಿನ ಹುಡುಗಿ ಒಂದು ಡಬ್ಬದ ಮುಚ್ಚಳ ತೆಗೆದಳು. ಆನ್‌ಲೈನಿನಲ್ಲಿ ತರಿಸಿದ ಪುಡಿಯಂತೆ, ಬಿಸಿನೀರಿಗೆ ಹಾಕಿ ಕುಡಿದರೆ ತೂಕ ತಾನಾಗಿ ಇಳಿಯುತ್ತದಂತೆ. ಮೊದಲು ಒಣಶುಂಠಿಯ ವಾಸನೆ ಬಂತು, ಹಿಂದೆಯೇ ಮೆಂತ್ಯದ್ದು, ಆಮೇಲೆ ಚಕ್ಕೆಯದು. ಬಾಯಿಗೆ ಹೋಗುತ್ತಿದ್ದ ತುತ್ತು ಕೈಯಲ್ಲೇ ಉಳಿಯಿತು. ಚಿಂತಾಮಣಿಯ ಪೇಟೆ ಬೀದಿಯಲ್ಲಿ ಮಸಾಲೆ, ನಾರುಬೇರು ಮಾರುತ್ತಿದ್ದ ಗ್ರಂಧಿಗೆ ಅಂಗಡಿ, ಅದರ ಮೂರು ಕಲ್ಲಿನ ಮೆಟ್ಟಿಲು, ಒಳಗೆ ಗೋಣಿಚೀಲಗಳ ನಡುವೆ ಕೂತಿರುತ್ತಿದ್ದ ತಾತ... ಎಲ್ಲ ಒಟ್ಟಿಗೆ ಎದುರಿಗೆ ಬಂದು ನಿಂತವು.

ತಾತ ಎಂದರೆ ನನ್ನ ತಾತನಲ್ಲ. ಆ ಅಂಗಡಿಯ ಯಜಮಾನರು, ಉರ್ದು ಮನೆಮಾತಿನವರು. ನಮ್ಮಮ್ಮ ಅವರನ್ನು ಭಾಯಿ ಎನ್ನುತ್ತಿದ್ದಳು. ನನ್ನ ಕಾಲಕ್ಕೆ ಗಡ್ಡ ಪೂರ್ತಿ ಬೆಳ್ಳಗಾಗಿ ತಾತ ಆಗಿಬಿಟ್ಟಿದ್ದರು. ನಾನು ಹುಟ್ಟಿದಾಗ ಅಮ್ಮನ ಬಾಣಂತನದ ಸಾಮಾನು ಬಂದದ್ದು ಅಲ್ಲಿಂದ, ನನ್ನ ಎರಡು ಬಾಣಂತನದ್ದೂ ಅಲ್ಲಿಂದಲೇ. ಪೇಟೆಯವರ ಜೊತೆ ಕನ್ನಡ, ಗಡಿ ಕಡೆಯ ಹಳ್ಳಿಯವರ ಜೊತೆ ತೆಲುಗು ಮಾತಾಡುತ್ತಿದ್ದರು. ತಕ್ಕಡಿಯ ಮೇಲೆ ಸಿಟ್ಟು ಬಂದರೆ ಮಾತ್ರ ಉರ್ದು.

ಆ ಅಂಗಡಿಗೆ ಒಂದು ಪದ್ಧತಿ ಇತ್ತು. ಚೀಟಿ ಕೊಟ್ಟರೆ ಸಾಮಾನು ಕಟ್ಟಿಕೊಡುತ್ತಿದ್ದರು, ಯಾತಕ್ಕೆ ಎಂದು ಕೇಳುತ್ತಿರಲಿಲ್ಲ. ಅಳವಿ ಬೀಜ, ಹಿಪ್ಪಲಿ ಎಂದು ಬರೆದಿದ್ದರೆ ಯಾರ ಮನೆಯಲ್ಲೋ ಹೆರಿಗೆಯಾಗಿದೆ ಎಂದು ಅವರಿಗೆ ತಿಳಿಯುತ್ತಿತ್ತು. ಕೆಲವು ಗಂಡಸರು ನಾಚಿಕೊಂಡು ತರುತ್ತಿದ್ದ ಚೀಟಿಗಳನ್ನು ಓದಿ, ಮುಖ ನೋಡದೆ ಪೊಟ್ಟಣ ಮಾಡಿ ಕೊಡುತ್ತಿದ್ದರು. ಇನ್ನೊಂದು ವಿದ್ಯೆ ಅವರ ಮೂಗಿನಲ್ಲಿತ್ತು. ಎಲ್ಲೆಲ್ಲಿಯದೋ ಪುಡಿ ತಂದು ಜನ ಅವರ ಅಂಗೈಗೆ ಹಾಕುತ್ತಿದ್ದರು. ತಿಕ್ಕಿ, ಮೂಸಿ, ಇದರಲ್ಲಿ ಇಂಥಿಂಥದಿದೆ ಎಂದು ಹೇಳಿಬಿಡುತ್ತಿದ್ದರು.

ಅವರ ಹತ್ತಿರ ನಾನು ಸುಳ್ಳು ಹೇಳಿದ ವರ್ಷ ನನ್ನ ತೂಕ ಎಂಬತ್ತಾರು ಕೆಜಿ. ಎತ್ತರ ಐದಡಿ. ಫೀಸು ಕಟ್ಟಿಸಿಕೊಳ್ಳುವ ಕಿಟಕಿಯ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಕೂತಲ್ಲೇ ಕೂರುವ ಕೆಲಸ, ಮನೆಗೆ ಬಂದರೆ ಬಿಸಿ ಬಿಸಿ ಬೋಂಡ. ನನ್ನ ಮೈ ಬಗ್ಗೆ ನನಗೆ ದೊಡ್ಡ ಬೇಸರವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ. ಗೌರಿಬಿದನೂರಿನಲ್ಲಿದ್ದ ನನ್ನ ತಮ್ಮನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಬೇಸರ ಶುರುವಾಯಿತು. ಅವನು ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿದ್ದ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಕೆಲಸಕ್ಕೆ ಹೋಗುವುದು ನಿಂತಿತು. ಅಮ್ಮನಿಗೆ ಸಕ್ಕರೆ ಕಾಯಿಲೆ, ಅವನ ಹೆಂಡತಿಯ ರಕ್ತ ಹೊಂದಲಿಲ್ಲ. ನನ್ನದು ಎಲ್ಲ ಹೊಂದಿತು. ಬೆಂಗಳೂರಿನ ಡಾಕ್ಟರು ಕಾಗದಗಳನ್ನೆಲ್ಲ ನೋಡಿ, ಕೊಡಬಹುದು, ಆದರೆ ಈ ತೂಕದಲ್ಲಿ ಆಪರೇಷನ್ ಮಾಡುವುದಿಲ್ಲ, ಹತ್ತು ಕೆಜಿ ಇಳಿಸಿಕೊಂಡು ಬನ್ನಿ ಎಂದರು. ತಮ್ಮ ಆಚೆ ಬೆಂಚಿನ ಮೇಲೆ ಕೂತಿದ್ದ. ಅವನ ಕಾಲು ಊದಿ ಚಪ್ಪಲಿಯ ಪಟ್ಟಿ ಕೂರುತ್ತಿರಲಿಲ್ಲ. ಅವನಿಗೂ ಬದುಕಿಗೂ ನಡುವೆ ನನ್ನ ಹೊಟ್ಟೆಯ ಹತ್ತು ಕೆಜಿ ಬೊಜ್ಜು ಅಡ್ಡ ಕೂತಿದೆ ಎಂದು ನೆನೆದು ನನಗೆ ಅವತ್ತು ಬಹಳ ನಾಚಿಕೆಯಾಯಿತು.

ವಿಷಯ ನನ್ನ ಗಂಡನಿಗೆ ಗೊತ್ತಿತ್ತು. ಅತ್ತೆಗೆ ಹೇಳಿರಲಿಲ್ಲ. ಹೇಳಿದ್ದರೆ ಅವರು ಅನ್ನ ನೀರು ಬಿಟ್ಟು ಕೂರುತ್ತಿದ್ದರು. ಅದಕ್ಕೇ ಅಂಗಡಿಯಲ್ಲೂ ಬಾಯಿ ಬಿಡಲಿಲ್ಲ. ಯಾರೂ ಕೇಳದಿದ್ದರೂ ನಾನಾಗಿಯೇ, ನಾದಿನಿ ಮಗಳ ಮದುವೆ ಇದೆ, ರೇಷ್ಮೆ ಸೀರೆಯ ಹಳೇ ರವಿಕೆ ಹಿಡಿಯಬೇಕು ಎಂದು ನಗುತ್ತಾ ಹೇಳಿ ಚೀಟಿ ಕೊಟ್ಟೆ. ಜೀರಿಗೆ, ಮೆಂತ್ಯ, ಚಕ್ಕೆ, ಒಣಶುಂಠಿ, ಮೆಣಸು. ಎಲ್ಲ ಫೋನಿನಲ್ಲಿ ನೋಡಿ ಬರೆದುಕೊಂಡದ್ದು. ತಾತನೂ ನಕ್ಕು ಕಟ್ಟಿಕೊಟ್ಟರು.

ಮೂರು ವಾರ ಬೆಳಿಗ್ಗೆ ಜೀರಿಗೆ ನೀರು, ಮಧ್ಯಾಹ್ನ ಮೆಂತ್ಯದ ನೀರು, ಸಂಜೆ ಚಕ್ಕೆ ಶುಂಠಿ ಕಷಾಯ. ಎದೆಯುರಿ ಹತ್ತಿತು, ಬಾಯಿ ಹುಣ್ಣಾಯಿತು. ಇಳಿದದ್ದು ಒಂದೇ ಕೆಜಿ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಕಷಾಯ ಕುಡಿದಿದ್ದೇನಲ್ಲ ಎನ್ನುವ ಧೈರ್ಯದ ಮೇಲೆ ರಾತ್ರಿ ಎರಡು ತುತ್ತು ಹೆಚ್ಚಿಗೇ ಉಣ್ಣುತ್ತಿದ್ದೆ. ಅಷ್ಟರಲ್ಲಿ ಸಂತೆಯಲ್ಲಿ ಒಬ್ಬ ಗ್ಯಾರಂಟಿ ಪುಡಿ ಮಾರುತ್ತಿದ್ದುದು ಕಣ್ಣಿಗೆ ಬಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವಳು ನಾನು. ತಂದು ನಾಲ್ಕು ದಿನ ತಿಂದೆ. ಹೊಟ್ಟೆ ತೊಳೆದುಕೊಂಡು ಹೋಯಿತು, ತಲೆ ಸುತ್ತಿತು, ತೂಕದ ಮುಳ್ಳು ಎರಡು ಕೆಜಿ ಕೆಳಗೆ ಬಂತು. ನನಗೆ ಖುಷಿಯೋ ಖುಷಿ. ಇದೇ ಪುಡಿಯನ್ನು ತಾತನೇ ಕಡಿಮೆಗೆ ಮಾಡಿಕೊಟ್ಟಾರು ಎಂದುಕೊಂಡು ಪೊಟ್ಟಣ ತೆಗೆದುಕೊಂಡು ಹೋದೆ.

ತಾತ ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡರು. ತಿಕ್ಕಿದರು, ಮೂಸಿದರು. ಶುಂಠಿ, ಮೆಂತ್ಯ, ಓಮ, ಅಳಲೆಕಾಯಿ ಎಂದು ಬೆರಳು ಮಡಿಸಿದರು. ಐದನೆಯದು ಸೋನಾಮುಖಿ, ಭೇದಿಗೆ ಕೊಡುವುದು, ಇಳಿದಿರುವುದು ನೀರೇ ಹೊರತು ಕೊಬ್ಬಲ್ಲ ಎಂದರು. ಮತ್ತೆ ಮೂಸಿದರು. ಇನ್ನೊಮ್ಮೆ ಮೂಸಿದರು. ಆರನೆಯದೊಂದಿತ್ತು. ಅದು ಅವರ ಮೂಗಿಗೆ ಸಿಕ್ಕಲಿಲ್ಲ.

"ಇದು ಏನೂಂತ ನಂಗೆ ಗೊತ್ತಾಗ್ತಿಲ್ಲಮ್ಮ," ಎಂದರು. ಅಷ್ಟು ವರ್ಷದಲ್ಲಿ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಪುಡಿಯನ್ನು ಮೋರಿಗೆ ಸುರಿಯಲು ಎದ್ದರು. ನಾನು ಕೈ ಹಿಡಿದುಕೊಂಡೆ. ಇರಲಿ ತಾತ, ನನಗೆ ಬೇಗ ಇಳೀಬೇಕು ಎಂದೆ. ಒಂದು ಮದುವೆಗೆ ಇಷ್ಟೊಂದು ಅವಸರವೇ ಎಂದು ಅವರು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರೆದುರಿಗೇ ಅತ್ತುಬಿಟ್ಟೆ. ಮದುವೆಯಿಲ್ಲ, ಮಣ್ಣಿಲ್ಲ, ತಮ್ಮನಿಗೆ ಕಿಡ್ನಿ ಕೊಡಬೇಕು, ಅವನು ದಿನಾ ಇಳಿದು ಹೋಗುತ್ತಿದ್ದಾನೆ, ನಾನು ಇಳಿಯುತ್ತಿಲ್ಲ ಎಂದೆ.

ತಾತ ಆ ಇಬ್ಬರಿಗೆ ಸಾಮಾನು ಕಟ್ಟಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿತ್ತು ಮುಖದಲ್ಲಿ.

"ಕೊಡೋ ಸಾಮಾನನ್ನ ಕೆಡಿಸಿ ಕೊಡ್ತಾರೇನು ಬೇಟಾ? ಈ ಪುಡಿ ಎಲ್ಲಿಗ್ ಹೋಗುತ್ತೆ? ಅದೇ ಕಿಡ್ನಿಗೆ ತಾನೆ?"

ಆ ಯೋಚನೆ ನನಗೆ ಬಂದಿರಲೇ ಇಲ್ಲ. ಪುಡಿ ಮೋರಿಗೆ ಹೋಯಿತು. ಸ್ವಲ್ಪ ಮಾತ್ರ ಬೇರೆ ಕಾಗದದಲ್ಲಿ ಕಟ್ಟಿ, ಇದನ್ನು ಡಾಕ್ಟರಿಗೆ ತೋರಿಸು, ತಿಂದೆ ಎಂದು ಹೇಳು, ಬೈಸಿಕೋ ಎಂದರು. ತಾವು ಕೊಟ್ಟ ಸಾಮಾನಿನಲ್ಲಿ ಉಳಿದದ್ದನ್ನೂ ವಾಪಸು ತರಲು ಹೇಳಿದರು. ಮಾರಿದ ಸಾಮಾನು ವಾಪಸಿಲ್ಲ ಎಂದು ಬೋರ್ಡು ಹಾಕಿಕೊಂಡಿದ್ದ ಅಂಗಡಿ ಅದು! ಯಾತಕ್ಕೆ ಎಂದು ಕೇಳದೆ ಕೊಟ್ಟದ್ದು ತಮ್ಮದೇ ತಪ್ಪು ಎಂದು ಅವರೇ ಅಂದರು. ಸುಳ್ಳು ಹೇಳಿದವಳು ನಾನು.

ಡಾಕ್ಟರು ಚೆನ್ನಾಗಿಯೇ ಬೈದರು. ಮತ್ತೆ ಪರೀಕ್ಷೆ ಮಾಡಿಸಿದರು. ರಿಪೋರ್ಟು ಬರುವ ತನಕ ಎರಡು ದಿನ ನನಗೆ ನಿದ್ದೆಯಿಲ್ಲ. ದೇವರು ದೊಡ್ಡವನು, ಏನೂ ಆಗಿರಲಿಲ್ಲ. ಪುಡಿ ಬೇಡ, ಕಷಾಯ ಬೇಡ, ಅಡುಗೆಗೆ ಹಾಕುವ ಮಸಾಲೆ ಅಡುಗೆಯಷ್ಟೇ ಇರಲಿ, ಎಣ್ಣೆ ಅನ್ನ ಕಡಿಮೆ ಮಾಡಿ, ನಡೆಯಿರಿ ಎಂದರು. ಅದನ್ನೆಲ್ಲ ಬಂದು ಒಪ್ಪಿಸಿದಾಗ ತಾತ ಕಣ್ಣು ಮುಚ್ಚಿ ಕೇಳಿದರು.

"ಮಸಾಲೆ ತೂಕ ಇಳಿಸಲ್ಲಮ್ಮ," ಎಂದರು. "ಎಣ್ಣೆ ಕಡ್ಮೆ ಮಾಡಿದ್ರೆ ಬಾಯಿಗ್ ಬೇಜಾರಾಗುತ್ತಲ್ಲ, ಆ ಬೇಜಾರು ಇಳಿಸುತ್ತೆ. ಅಷ್ಟೇ ಅದರ ಕೆಲ್ಸ."

ಇಡೀ ಜೀವನ ಮಸಾಲೆ ಮಾರಿದ ಮನುಷ್ಯ ಹೇಳಿದ ಮಾತು ಇದು. ಅವರ ಸಕ್ಕರೆ ಕಾಯಿಲೆಗೆ ಎದುರಿನ ಮೆಡಿಕಲ್ ಸ್ಟೋರಿನಿಂದ ಗುಳಿಗೆ ಬರುತ್ತಿತ್ತೆಂದೂ, ಅದನ್ನು ಗಿರಾಕಿಗಳಿಗೆ ಕಾಣದಂತೆ ಗಸಗಸೆ ಡಬ್ಬದ ಹಿಂದೆ ಇಟ್ಟುಕೊಂಡಿದ್ದರೆಂದೂ ನನಗೆ ಆಮೇಲೆ ಗೊತ್ತಾಯಿತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ರೇಗಿಸಿದೆ. ನಕ್ಕರು.

ಅವತ್ತಿನಿಂದ ಅವರೇ ನನಗೆ ಸಾರಿನ ಪುಡಿ ಮಾಡಿಕೊಡತೊಡಗಿದರು. ಧನಿಯ, ಮೆಣಸು, ಜೀರಿಗೆ, ಒಂದು ಚೂರು ಚಕ್ಕೆ. ಹುರುಳಿಕಟ್ಟಿಗೆ ಒಂದು ಥರ, ಸೊಪ್ಪಿನ ಬಸ್ಸಾರಿಗೆ ಇನ್ನೊಂದು ಥರ. ಒಗ್ಗರಣೆಯ ಎಣ್ಣೆಯಿಲ್ಲದಿದ್ದರೂ ಮುದ್ದೆ ಇಳಿಯುತ್ತಿತ್ತು. ಒಂದೇ ತೊಂದರೆ: ಒಂದು ದಿನಕ್ಕಾಗುವಷ್ಟು ಮಾತ್ರ ಕೊಡುತ್ತಿದ್ದರು. ವಾರದ್ದು ಒಟ್ಟಿಗೆ ಕೊಡಿ ತಾತ ಎಂದರೆ, ಘಮ ಹೊರಟು ಹೋಗುತ್ತದೆ, ನಾಳೆ ಹೊಸದಾಗಿ ಹುರಿಯುತ್ತೇನೆ ಬಾ ಎನ್ನುತ್ತಿದ್ದರು. ನಮ್ಮ ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರಿನ ಮೇಲಿತ್ತು. ಬೆಳಗ್ಗೆ ಅವರು ಬಾಗಿಲು ತೆಗೆಯುವ ಹೊತ್ತಿಗೆ ನಡೆದು ಹೋಗಿ, ಪೊಟ್ಟಣ ತೆಗೆದುಕೊಂಡು ನಡೆದು ಬಂದು, ಅಡುಗೆ ಮಾಡಿ ಆಫೀಸಿಗೆ ಓಡುತ್ತಿದ್ದೆ.

ಒಂದು ದಿನ ಸೋಮಾರಿತನಕ್ಕೆ ಗಂಡನ ಸ್ಕೂಟರಿನಲ್ಲಿ ಹೋದೆ. ತಾತ ಸ್ಕೂಟರನ್ನು ನೋಡಿದರು. ಪುಡಿ ಇನ್ನೂ ಆಗಿಲ್ಲ, ಒಂದು ಗಂಟೆ ಬಿಟ್ಟು ಬಾ ಎಂದರು. ಒಳಗಿನಿಂದ ಹುರಿದ ಧನಿಯದ ಘಮ ರಸ್ತೆಗೆ ಬರುತ್ತಿತ್ತು. ನನ್ನ ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ತಾತ ಮಾತ್ರ ತಮ್ಮ ಕನ್ನಡಕ ಹುಡುಕುತ್ತಿದ್ದರು, ಅದು ಅವರ ಹಣೆಯ ಮೇಲೇ ಇತ್ತು. ಮನೆಗೆ ಬಂದು, ಮತ್ತೆ ನಡೆದುಕೊಂಡು ಹೋಗಿ ತಂದೆ. ಆಮೇಲೆ ಮಳೆಯಲ್ಲೂ ಕೊಡೆ ಹಿಡಿದು ನಡೆದೆನೇ ಹೊರತು ಸ್ಕೂಟರು ಹತ್ತಲಿಲ್ಲ. ತೂಕ ಎಷ್ಟಾಯಿತು ಎಂದು ಅವರು ಒಂದು ದಿನವೂ ಕೇಳಲಿಲ್ಲ. ತಮ್ಮ ಹೇಗಿದ್ದಾನೆ ಎಂದು ಮಾತ್ರ ದಿನವೂ ಕೇಳುತ್ತಿದ್ದರು.

ಐದು ತಿಂಗಳು ಹಿಡಿಯಿತು. ಬೀದಿಯ ತುದಿಯಲ್ಲಿ ಹೂ ಕಟ್ಟುವಾಕೆ ಒಂದು ಬೆಳಗ್ಗೆ "ಏಮಮ್ಮಾ, ಇಂತ ಚಿಕ್ಕಿಪೋಯಾವೇ" ಎಂದಳು, ಇಷ್ಟು ಬಡವಾಗಿದ್ದೀಯಲ್ಲ ಎಂದು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಡಾಕ್ಟರ ತಕ್ಕಡಿ ಎಪ್ಪತ್ತೈದು ತೋರಿಸಿದ ದಿನ ತಮ್ಮ ನನ್ನ ಪಕ್ಕದಲ್ಲೇ ನಿಂತಿದ್ದ. ಅಕ್ಕ ಎಂದ, ಅಷ್ಟೇ. ಅತ್ತೆಗೆ ಆಗ ಹೇಳಿದೆವು. ಒಂದು ದಿನ ಊಟ ಬಿಟ್ಟರು, ಮಾರನೆಯ ದಿನ ನನ್ನ ಚೀಲಕ್ಕೆ ಬಟ್ಟೆ ತುಂಬಿಕೊಟ್ಟರು.

ಆಪರೇಷನ್ ಆದ ಎಂಟು ತಿಂಗಳಿಗೆ ತಮ್ಮನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅವನ ಕೆನ್ನೆ ತುಂಬಿಕೊಂಡಿತ್ತು. ಮೂರು ಮೆಟ್ಟಿಲು ತಾನೇ ಹತ್ತಿದ. ತಾತ ಎದ್ದು ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಲ್ಲೇ ತೆರೆದಿಟ್ಟಿದ್ದ ಲವಂಗದ ಡಬ್ಬಕ್ಕೆ ತಮ್ಮ ಸುಮ್ಮನೆ ಕೈ ಹಾಕಿದ್ದ. ತಾತ ಅವನ ಕೈ ಹಿಡಿದು ತೆಗೆದರು.

"ನಿಂಗೆ ನನ್ ಅಂಗಡೀಲಿ ಏನೂ ಇಲ್ಲಪ್ಪ," ಎಂದರು. "ಡಾಕ್ಟ್ರು ಕೊಟ್ಟಿದ್ದು ತಿನ್ನು. ಅಕ್ಕನ್ ಸಾಮಾನು, ಜೋಪಾನ."

ಹಾಗೆಂದವರು ಅವನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ...

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಬೇಕಾದದ್ದು ಆಯಿತಲ್ಲ, ದಿನಾ ಹೋಗುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ತಿಂಗಳಿಗೊಮ್ಮೆ. ಮನೆಯ ಹತ್ತಿರದ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೆ ಸಾಕೆನ್ನಿಸಿತು. ಒಂದು ಯುಗಾದಿಗೆ ಸಾಮಾನು ತರಲೆಂದು ಹೋದಾಗ ಷಟರ್ ಎಳೆದಿತ್ತು, ಅದರ ಮೇಲೆ ಅವರ ಫೋಟೋ ಅಂಟಿಸಿದ್ದರು. ಅವರು ತೀರಿಹೋಗಿ ಹದಿನೈದು ದಿನವಾಗಿತ್ತು. ಫೋಟೋದ ಕೆಳಗೆ ಹೆಸರಿತ್ತು. ಅವರ ಹೆಸರನ್ನು ನಾನು ಓದಿದ್ದು ಅದೇ ಮೊದಲು. ಆ ಹೆಸರು ಹಿಡಿದು ನಾನು ಅವರನ್ನು ಒಂದು ದಿನವೂ ಕರೆದವಳಲ್ಲ, ಅದಕ್ಕೇ ಇಲ್ಲೂ ಬರೆಯುತ್ತಿಲ್ಲ. ಅವರ ಮಗನಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ವ್ಯಾಪಾರ. ಅಂಗಡಿಯನ್ನು ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟ. ನನ್ನ ತಮ್ಮ ಬದುಕಿದ್ದಾನೆ, ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಅದರಲ್ಲಿ ಡಾಕ್ಟರ ಪಾಲೆಷ್ಟೋ ನನ್ನ ಪಾಲೆಷ್ಟೋ, ತಾತನ ಪಾಲೂ ಅಷ್ಟೇ ಇದೆ. ಇದನ್ನು ನಾನು ಅವರಿಗೆ ಬಾಯಿ ಬಿಟ್ಟು ಹೇಳಲಿಲ್ಲ. ಅವರಿಗೆ ಗೊತ್ತಿತ್ತು ಎಂದುಕೊಳ್ಳುತ್ತೇನೆ.

ಆಫೀಸಿನ ಹುಡುಗಿ ಇನ್ನೂ ಡಬ್ಬ ಹಿಡಿದುಕೊಂಡೇ ಇದ್ದಳು. ನೀವು ಮೊದಲು ದಪ್ಪ ಇದ್ರಂತಲ್ಲ ಅಕ್ಕ, ಯಾವ ಪುಡಿ ತಗೊಂಡ್ರಿ ಎಂದು ಕೇಳಿದಳು. ಪುಡಿಯಿಂದ ಅಲ್ಲಮ್ಮ ಎಂದೆ. ನಂಬಲಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಎನ್ನುವ ಹಾಗೆ ನೋಡಿದಳು. ಒಳ್ಳೆಯ ಹುಡುಗಿ. ಮುಚ್ಚಳ ಹಾಕಿ ಅದನ್ನು ಅತ್ತ ಸರಿಸಿ, ನಾಳೆ ಬೆಳಗ್ಗೆ ಆರಕ್ಕೆ ನಮ್ಮ ಮನೆ ಹತ್ತಿರ ಬಾ, ನಡ್ಕೊಂಡು ಹೋಗಣ ಎಂದೆ.

"ಎಲ್ಲಿಗಕ್ಕ?" ಎಂದಳು.

ತಾತನ ಅಂಗಡಿಗೆ ಎನ್ನಲು ಬಾಯಿ ತೆರೆದೆ. ಹೋಗುವುದಕ್ಕೆ ಅಲ್ಲಿ ಆ ಅಂಗಡಿಯೇ ಇರಲಿಲ್ಲ.