ಬೀಜ ಅರೆದು ಹಾರ್ಮೋನು ಹುಡುಕುವ ಹನಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪ್ರಯೋಗಾಲಯದ ಉದ್ದನೆಯ ಕೋಣೆಯಲ್ಲಿ ಹನಿಯಕ್ಕ ಒಬ್ಬರೇ ಎತ್ತರದ ಸ್ಟೂಲಿನ ಮೇಲೆ ಕುಳಿತು ಗಾಜಿನ ಕೊಳವೆಯೊಂದನ್ನು ಎವೆಯಿಕ್ಕದೆ ನೋಡುತ್ತಿದ್ದಾರೆ. ಕೊಳವೆಯ ತುಂಬ ಬಿಳಿ ಪುಡಿ. ಮೇಲಿನಿಂದ ಸುರಿದ ದ್ರಾವಣ ಪುಡಿಯೊಳಗೆ ಇಳಿದು ಕೆಳಗಿನ ಪ್ರನಾಳಕ್ಕೆ ಹನಿಹನಿಯಾಗಿ ಬೀಳುತ್ತಿದೆ. ಪುಡಿ ಒಣಗಿತೋ, ಬಿರುಕು ಬಿಡುತ್ತದೆ. ದ್ರಾವಣದಲ್ಲಿ ಬೇರೆಬೇರೆಯಾಗಿ ಇಳಿಯುತ್ತಿದ್ದ ವಸ್ತುಗಳೆಲ್ಲ ಮತ್ತೆ ಕಲಸುಮೇಲೋಗರ. ಅದಕ್ಕೇ ಕೆಲಸ ಮುಗಿಯುವವರೆಗೆ ಯಾರು ಮಾತಾಡಿಸಿದರೂ ಅವರು ಉತ್ತರ ಕೊಡುವುದು ಕೊಳವೆಯ ಕಡೆ ನೋಡಿಯೇ.

ಹನಿಯಕ್ಕ ಎಂಬುದು ಜೊತೆಗಾರರು ಇಟ್ಟ ಹೆಸರು. ಮನೆಯಲ್ಲಿ ಅತ್ತೆಗೆ ಅದನ್ನು ಕೇಳಿದರೆ ನಗು. "ಇಲ್ಲಿ ಹಾಲು ಉಕ್ಕಿ ಒಲೆಯೆಲ್ಲಾ ಆದ್ರೂ ಇವಳಿಗೆ ಗೊತ್ತಾಗಲ್ಲ. ಅಲ್ಲಿ ಒಂದು ಹನಿ ಆಚೀಚೆ ಆಗೋಕೆ ಬಿಡಲ್ವಂತೆ," ಎನ್ನುತ್ತಾರೆ. ಗಂಡ ಹಾಸಿಗೆ ಹಿಡಿದಾಗ ಬಾಟಲಿ ತೊಳೆಯುವ ಕೆಲಸಕ್ಕೆಂದು ಇಲ್ಲಿಗೆ ಬಂದವರು ಹನಿಯಕ್ಕ. ತೊಳೆಯುತ್ತ ತೊಳೆಯುತ್ತ, ಕೇಳಿ ಕೇಳಿ ತಲೆ ತಿಂದು, ಉಳಿದದ್ದನ್ನೂ ಕಲಿತರು.

ಹುಳ ಬೆಳೆಯುವಾಗ ಹಳೆಯ ಚರ್ಮ ಕಳಚಬೇಕಲ್ಲ, ಅದಕ್ಕೆ ಅಪ್ಪಣೆ ಕೊಡುವುದು ಅದರ ಮೈಯೊಳಗಿನ ಒಂದು ಸ್ಟೀರಾಯ್ಡ್ ಹಾರ್ಮೋನು. ಕೆಲವು ಗಿಡಗಳು ಅಂಥದ್ದನ್ನೇ ತಯಾರಿಸಿ ಬೀಜದಲ್ಲಿ ತುಂಬಿಡುತ್ತವೆ. ತಿಂದ ಹುಳ ಹೊತ್ತಲ್ಲದ ಹೊತ್ತಿನಲ್ಲಿ ಚರ್ಮ ಕಳಚಲು ಹೋಗಿ ಸಾಯುತ್ತದೆ. "ಗಿಡಕ್ಕೆ ಓಡೋಕಾಗಲ್ಲ, ಬೈಯೋಕೂ ಆಗಲ್ಲ. ಹೀಗೆ ಬುದ್ಧಿ ಕಲಿಸುತ್ತೆ," ಎಂದು ಹನಿಯಕ್ಕ ನಗುತ್ತಾರೆ. ಅದನ್ನು ಹೊರತೆಗೆಯಲು ಬೀಜ ಅರೆದು, ಎಣ್ಣೆ ಬೇರ್ಪಡಿಸಿ, ಮೆಥನಾಲಿನಲ್ಲಿ ನೆನೆಸಿ, ಪಾಕದ ಹದಕ್ಕೆ ಬರುವವರೆಗೆ ಆವಿಯಾಗಿಸಿ, ಕೊನೆಗೆ ಕೊಳವೆಯ ಬಿಳಿ ಪುಡಿಯೊಳಗೆ ಇಳಿಸಬೇಕು. ಚೀಲ ಬೀಜಕ್ಕೆ ಸಿಗುವುದು ಉಗುರಿನ ತುದಿಯಷ್ಟು ಪುಡಿ, ಜೊತೆಗೆ ಧಾರಾಳವಾಗಿ ತಲೆನೋವು.

ಹೋದ ಸಲ ಒಂದು ಕಳೆಗಿಡದ ಬೀಜದಿಂದ ಯಾರೂ ಕಂಡಿರದ ವಸ್ತುವೊಂದು ಸಿಕ್ಕಿತು. ಎಲ್ಲರಿಗೂ ಸಂಭ್ರಮವೋ ಸಂಭ್ರಮ. ಪ್ರಯೋಗಾಲಯದ ಮುಖ್ಯಸ್ಥೆ, ಎಲ್ಲರ ಪಾಲಿನ ಮೇಡಂ, ಲೇಖನ ಸಿದ್ಧಮಾಡಿ ತಮ್ಮ ಹೆಸರಿನ ಪಕ್ಕದಲ್ಲಿ ಹನಿಯಕ್ಕನ ಹೆಸರನ್ನೂ ಸೇರಿಸಿದರು. ಇಷ್ಟು ವರ್ಷಗಳಲ್ಲಿ ಅದೇ ಮೊದಲು. ಅತ್ತೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

ಲೇಖನ ಕಳಿಸುವ ಮುನ್ನ ಮೇಡಂಗೆ ಅನುಮಾನ ಹುಟ್ಟಿತು. ಹೊಸ ವಸ್ತುವೆಂದರೆ ಎಲ್ಲರಿಗೂ ಗೊತ್ತಿರುವ ಹಳೆಯ ಹಾರ್ಮೋನೇ. ಅದಕ್ಕೆ ಪ್ರಯೋಗಾಲಯದಲ್ಲಿ ಕರಗಿಸಲು ಬಳಸುವ ಅಸಿಟೋನಿನ ತುಣುಕೊಂದು ಅಂಟಿಕೊಂಡಂತಿತ್ತು. "ಎಲ್ಲಾದ್ರೂ ಅಸಿಟೋನ್ ಹಾಕಿದ್ರಾ?" ಎಂದು ಕೇಳಿದರು. ಹನಿಯಕ್ಕನಿಗೆ ತಟ್ಟನೆ ನೆನಪಾಯಿತು. ತಳಕ್ಕೆ ಅಂಟಿದ್ದ ಪಾಕ ಜಪ್ಪಯ್ಯ ಅಂದರೂ ಬಿಡದಿದ್ದಾಗ ಅವರು ಅಸಿಟೋನ್ ಸುರಿದು ಕರಗಿಸಿ, ಬಿಳಿ ಪುಡಿಯ ಜೊತೆ ಕಲಸಿ, ರಜೆ ಮುಗಿಯುವವರೆಗೆ ಹಾಗೇ ಬಿಟ್ಟಿದ್ದರು. ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಹಾಕಿದ್ದೆ ಮೇಡಂ, ನಾನೇ. ಉಳಿದಿರೋ ಬೀಜದಲ್ಲಿ ಇನ್ನೊಂದ್ಸಲ ಮಾಡ್ತೀನಿ. ಈ ಸಲ ಅಸಿಟೋನ್ ಈ ಕೋಣೆಗೇ ಬರೋದು ಬೇಡ," ಎಂದರು. ಇವತ್ತಿನ ಕೊಳವೆಯಲ್ಲಿ ಇಳಿಯುತ್ತಿರುವುದು ಆ ಉಳಿದ ಬೀಜದ ಸಾರ.

ಸಂಜೆ ಪ್ರನಾಳಗಳಿಂದ ಒಂದೊಂದೇ ಚುಕ್ಕೆ ತೆಗೆದು ತೆಳುವಾದ ಫಲಕದ ಮೇಲೆ ಇಡುತ್ತಾರೆ. ಹೋಲಿಸಿ ನೋಡಲು ಹೋದ ಸಲದ್ದೂ ಒಂದು ಚುಕ್ಕೆ. ದ್ರಾವಣ ಫಲಕದ ಮೇಲೇರಿದ ಮೇಲೆ ಹನಿಯಕ್ಕ, ಮೇಡಂ ಇಬ್ಬರೂ ನೇರಳಾತೀತ ದೀಪದ ಕೆಳಗೆ ಬಗ್ಗುತ್ತಾರೆ. ಹಳೆಯ ಹಾರ್ಮೋನು ಕಪ್ಪಗೆ ಎದ್ದು ಕಾಣುತ್ತದೆ. ಹೊಸದು ಕಾಣುವುದು ಹೋದ ಸಲದ ಚುಕ್ಕೆಯ ಸಾಲಿನಲ್ಲಿ ಮಾತ್ರ; ಇವತ್ತಿನ ಸಾಲುಗಳಲ್ಲಿ ಅದು ಇರಬೇಕಾದ ಜಾಗ ಖಾಲಿ.

ಮೇಡಂ ಉಸ್ಸೆಂದು ಕುರ್ಚಿಗೆ ಒರಗುತ್ತಾರೆ. ಅದು ಗಿಡದ್ದಲ್ಲ, ಅಸಿಟೋನಿನಿಂದ ಆದದ್ದು; ಲೇಖನ ಹೋಗುವುದಿಲ್ಲ. ಹನಿಯಕ್ಕನ ಮುಖ ಸಪ್ಪಗಾಗುತ್ತದೆ. ಆದರೂ ನಾಳೆ ಅರೆಯಬೇಕಾದ ಇನ್ನೊಂದು ಗಿಡದ ಬೀಜವನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸತೊಡಗುತ್ತಾರೆ.

"ಬೇಜಾರಿದೆ, ಯಾಕಿರಲ್ಲ? ಅತ್ತೆ ಮುಖ ನೋಡೋದೇ ಕಷ್ಟ ಇವತ್ತು," ಎನ್ನುತ್ತಾರೆ. "ಆದ್ರೆ ನನ್ನ ಹೆಸರು ಬರೋದಾದ್ರೆ ಗಿಡ ಮಾಡಿದ್ದರ ಜೊತೆ ಬರಲಿ. ನಾನು ಬಾಟಲಿಯಲ್ಲಿ ಮಾಡಿದ್ದರ ಜೊತೆ ಬೇಡ."