ತೊಟ್ಟಿಲಿಗೆ ಕರೆಯದ ತಂಗಿ

ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ತಂಗಿಯನ್ನು ಕರೆಯಲಿಲ್ಲ. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಅವಳು ಬಾಗಿ ‘ಕುರ್ರ್’ ಎಂದೊಡನೆ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದು ತಿನ್ನಬೇಕಾದವಳು ನಿಲಂಗಾದಲ್ಲಿ ಒಬ್ಬಳೇ ಇದ್ದಳು. ಗಡಿಯಾಚೆಯ ಉಮರಗಾದ ನಮ್ಮ ಮನೆಯಲ್ಲಿ ಹೆಂಡತಿಯ ತಂಗಿ ಹೆಸರು ಹೇಳಿದಳು.

ನಾನು ಶಾಲೆ ಬೇಗ ಬಿಟ್ಟವನು. ಬಸ್ಸಿನ ಮರಾಠಿ ಬೋರ್ಡು ಓದಲು ಕಲಿಸಿದ್ದು ಈ ತಂಗಿಯೇ. ದೊಡ್ಡವಳಾಗಿ ಅವಳು ಉದಗೀರದ ಮುಖಂಡನೊಬ್ಬನ ಪ್ರಚಾರಕ್ಕೆ ದುಡಿದಳು. ಮರಾಠಿಯಲ್ಲಿ ಭಾಷಣ ಶುರು ಮಾಡಿ, ನಮ್ಮ ಜನ ಕಂಡರೆ ಕನ್ನಡಕ್ಕೆ ಹೊರಳುತ್ತಿದ್ದಳು. ಅದನ್ನು ಕೇಳಲೆಂದೇ ನಾನು ಗುಂಪಿನ ಹಿಂದೆ ನಿಲ್ಲುತ್ತಿದ್ದೆ.

ಆಮೇಲೆ ಅವಳೂ ಆ ಮುಖಂಡನೂ ಕಾರಿನಲ್ಲಿ ಕುಳಿತ ಫೋಟೊ ಎಲ್ಲರ ಮೊಬೈಲಿಗೂ ಬಂತು. ಜೊತೆಗಿದ್ದ ಹೆಂಗಸರನ್ನು ಯಾರೋ ಫೋಟೊದಿಂದ ಕತ್ತರಿಸಿ ತೆಗೆದಿದ್ದರು. ಜನ ಅವರಿಬ್ಬರಿಗೂ ಸಂಬಂಧ ಕಟ್ಟಿ ಆಡಿಕೊಂಡರು. ಪೂರ್ತಿ ಫೋಟೊ ಅವಳು ನನಗೆ ತೋರಿಸಿದ್ದಳು. ಮುಖಂಡ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಾವು ಮನೆಮನೆಗೆ ಪೂಜೆಗೆ ಹೋಗುವ ಜಂಗಮರು. ಒಂದು ಮನೆಯವರು ಮೋರೆ ತಿರುಗಿಸಿದರೆ ಓಣಿಯೇ ಬಾಗಿಲು ಹಾಕುತ್ತದೆಂದು ಹೆದರಿದೆ.

ಮಗಳು ನಡೆಯಲು ಕಲಿತ ಮೇಲೆ ಅವಳನ್ನು ಎತ್ತಿಕೊಂಡು ನಿಲಂಗಾಕ್ಕೆ ಹೋದೆ. ಊರಾಚೆಯ ಬಯಲಿನಲ್ಲಿ ತಂಗಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ಈಗ ಅದೇ ಅವಳ ಕಸುಬು. ಹ್ಯಾಂಡಲ್ ಬಿಗಿಯಾಗಿ ಹಿಡಿದ ವಯಸ್ಸಾದ ಹೆಂಗಸೊಬ್ಬಳಿಗೆ ಕೂಗಿ ಹೇಳಿದಳು:

‘ಕಾಕೂ, ಹ್ಯಾಂಡಲ್ ಸಡ್ಲ ಹಿಡೀರಿ! ಎಮ್ಮಿ ಕೊಂಬ ಅಲ್ರೀ ಅದು!’

‘ಎಮ್ಮಿ ಆದ್ರ ನನ್ನ ಮಾತು ಕೇಳ್ತಿತ್ತವ್ವ, ಇದು ಕೇಳವಲ್ದು!’

ಎಲ್ಲರೂ ನಕ್ಕರು. ನನ್ನನ್ನು ಕಂಡೊಡನೆ ತಂಗಿಯ ನಗು ನಿಂತಿತು. ಆದರೂ ಮಗಳನ್ನು ಎತ್ತಿಕೊಂಡು ಸೀಟಿನ ಮೇಲೆ ಕೂರಿಸಿದಳು.

‘ಮೂಗು ನಿಂದೇ ಬಂದದ. ಪಾಪ,’ ಎಂದಳು.

‘ಇವ್ರು ಯಾರವ್ವ?’ ಎಂದು ಕಾಕೂ ಕೇಳಿದಳು.

ಉತ್ತರ ನೀನೇ ಕೊಡು ಎಂಬಂತೆ ತಂಗಿ ನನ್ನನ್ನೇ ನೋಡುತ್ತ ನಿಂತಳು. ಅವಳೊಬ್ಬಳೇ ಸಿಕ್ಕಾಗ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಇಲ್ಲಿ ಇಷ್ಟು ಜನ. ಆದರೆ ಜನರ ಮುಂದೆ ಸುಮ್ಮನಿದ್ದದ್ದೇ ಅಲ್ಲವೇ ನನ್ನ ತಪ್ಪು?

‘ನಾ ಈಕಿ ಅಣ್ಣ ರೀ,’ ಎಂದೆ. ‘ಈಕಿದು ಏನೂ ತಪ್ಪಿಲ್ಲಂತ ನಂಗ ಮೊದ್ಲಿಂದ ಗೊತ್ತಿತ್ತು. ಮಂದಿಗೆ ಅಂಜಿ ಬಾಯಿ ಮುಚ್ಕೊಂಡು ಕುಂತೆ, ಕೂಸಿನ ತೊಟ್ಟಿಲಕ್ಕೂ ಕರೀಲಿಲ್ಲ. ನಂದೇ ಚೂಕ ಆಗ್ಯಾದ, ತಂಗೀ. ಮಾಫ್ ಮಾಡವ್ವ.’