ಕೊನೆಗೆ ಏರುವ ಪೆಟ್ಟಿಗೆ

ಮನೆ ಬದಲಿಸುವವರ ಸಾಮಾನು ಕಟ್ಟಿ ಸಾಗಿಸುವ ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಗಾಜಕ್ಕ ಎಂದೇ. ಕಪ್ಪು, ಲೋಟ, ಕನ್ನಡಿ, ಒಡೆಯುವಂಥದ್ದು ಏನಿದ್ದರೂ ಅವಳ ಕೈಗೇ ಬರಬೇಕು. ಗಂಡಸರು ಬೀರು ಎತ್ತಿ ಸೊಂಟ ಹಿಡಿದುಕೊಂಡು ನರಳುವಾಗ, ಇವಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಳೆ ಪೇಪರಿನಲ್ಲಿ ಒಂದೊಂದು ಲೋಟವನ್ನೂ ಎಳೆಗೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತುತ್ತಿದ್ದಳು. "ಗಾಜಕ್ಕ ಕಟ್ಟಿದ ಪೆಟ್ಟಿಗೆ ಮೇಲೆ ಆನೆ ಕೂತ್ರೂ ಆನೆಗೇ ನೋವು" ಎಂದು ಮೇಸ್ತ್ರಿ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಸಂಬಳದ ಮಾತು ಬಂದಾಗ ಮಾತ್ರ ಅವನಿಗೆ ಜಾಣಕಿವುಡು.

ಅವರ ಕೆಲಸದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಮನೆಗೂ ಒಂದು 'ಮೊದಲ ಪೆಟ್ಟಿಗೆ' ಕಟ್ಟಬೇಕು. ಹೊಸ ಮನೆಯ ಬಾಗಿಲು ತೆಗೆದ ಕೂಡಲೇ ಬೇಕಾಗುವ ಸಾಮಾನು ಅದರಲ್ಲಿರುತ್ತದೆ. ಎಷ್ಟು ಜನವೋ ಅಷ್ಟು ತಟ್ಟೆ, ಅಷ್ಟು ಕಪ್ಪು, ಒಂದು ಪಾತ್ರೆ, ಸೋಪು, ಟವೆಲ್ಲು, ಹಾಸಲು ಒಂದು ಚಾದರ. ಮೊದಲು ಇಳಿಯಬೇಕಾದ ಪೆಟ್ಟಿಗೆಯಾದ್ದರಿಂದ ಅದು ಲಾರಿಗೆ ಏರುವುದು ಎಲ್ಲಕ್ಕಿಂತ ಕೊನೆಗೆ. ಹಿಂದೊಮ್ಮೆ ಯಾವನೋ ಹೊಸಬ ಅದನ್ನೇ ಮೊದಲು ಏರಿಸಿಬಿಟ್ಟಿದ್ದಕ್ಕೆ, ಪಾಪ, ಆ ಸಂಸಾರದವರೆಲ್ಲ ಹೂದಾನಿಯಲ್ಲಿ ಕಾಫಿ ಕುಡಿದರಂತೆ. ಗಾಜಕ್ಕ ಈ ಕಥೆ ಹೇಳಿ ನಕ್ಕು, ಆಮೇಲೆ ಗಿರಾಕಿಗಳನ್ನು ಕೇಳುತ್ತಿದ್ದಳು, "ಹೇಳಿ, ಎಷ್ಟು ತಲೆ?"

ಈಗ ಕಟ್ಟಬೇಕಾಗಿದ್ದುದು ಅವಳ ಒಬ್ಬಳೇ ಮಗಳ ಮನೆಯ ಸಾಮಾನು.

ಮಗಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸದಲ್ಲಿದ್ದಳು. ಮೇಣ ಕೆತ್ತಿ ಅವಳು ಕೂರಿಸಿದ ಹಲ್ಲು ಹುಟ್ಟಿದ ಹಲ್ಲಿಗಿಂತ ಚೆಂದ ಎನ್ನುತ್ತಿದ್ದರು. ಅಳಿಯನಿಗೆ ಗಡಿಯಾಚೆಯ ದೇಶದಲ್ಲಿ ಕೆಲಸ. ಮದುವೆಯಾದ ಮೇಲೆ ಬರುತ್ತಾ ಹೋಗುತ್ತಾ ಇದ್ದವನು ಈಗ ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ. ಒಳ್ಳೆಯ ಹುಡುಗ ಎಂದೇ ಎಲ್ಲರ ಮಾತು. ದನಿ ಏರಿಸಿದವನಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಹೇಳುವುದಕ್ಕಾದರೂ ಒಂದು ಕಾರಣ ಬೇಕಲ್ಲ, ಗಾಜಕ್ಕನಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಹಜಾರವನ್ನು ಅವಳೇ ಮೂರು ಪಾಲು ಮಾಡಿದಳು. ಬಾಗಿಲ ಬಳಿ ಹೋಗುವ ಸಾಮಾನು, ಕಿಟಕಿಯ ಕೆಳಗೆ ಕೊಟ್ಟುಬಿಡುವುದು, ಗೋಡೆಯ ಮೂಲೆಯಲ್ಲಿ ಇಲ್ಲೇ ತನ್ನ ಬಳಿ ಉಳಿಯುವುದು. ಅಳಿಯ ಕುರ್ಚಿಯಲ್ಲಿ ಕೂತು ಯಾವುದು ಎಲ್ಲಿಗೆ ಎಂದು ಹೇಳುತ್ತಿದ್ದ. ಅವನ ಬೂಟು, ಅವನ ಟಿವಿ, ಅವನ ಕಸರತ್ತಿನ ಡಂಬೆಲ್ಲು ಬಾಗಿಲಿಗೆ ಬಂದವು. ಮಗಳ ದಪ್ಪ ಕೋಟು ಮೂಲೆಗೆ ಹೋಯಿತು.

"ಅಲ್ಲಿ ಚಳಿ ಅಂತಾರಲ್ಲ ಅಳಿಯಂದ್ರೇ?"

"ಹೊರಗೆ ಹೋದ್ರೆ ತಾನೇ ಅತ್ತೆ ಚಳಿ" ಎಂದು ಅವನು ನಕ್ಕ. "ಅಲ್ಲಿ ಎಲ್ಲಾ ಸಿಗುತ್ತೆ."

ಮಗಳ ಕೆತ್ತನೆಯ ಸಣ್ಣ ಚಾಕುಗಳ ಚೀಲವೂ ಮೂಲೆಗೆ ಹೋಯಿತು. ಅವಳು ಕಲಿತ ಸರ್ಟಿಫಿಕೇಟು, ಅವಳ ಸೈಕಲ್ಲು, ಕೊನೆಗೆ ಅವಳ ಫೋನಿನ ಚಾರ್ಜರು ಕೂಡ. ಮಗಳು ಒಂದಕ್ಕೂ ಎದುರಾಡಲಿಲ್ಲ. ಮೊದಲಾಗಿದ್ದರೆ ಒಂದು ಬಾಚಣಿಗೆಗೂ ಅಮ್ಮನ ಜೊತೆ ಜಟಾಪಟಿಗೆ ನಿಲ್ಲುತ್ತಿದ್ದ ಹುಡುಗಿ. ಗಾಜಕ್ಕ ನೂರಾರು ಮನೆಯ ಸಾಮಾನು ಕಟ್ಟಿದವಳು. ಇಬ್ಬರು ಹೊರಟ ಮನೆಯಲ್ಲಿ ಒಬ್ಬರದೇ ಸಾಮಾನು ಬಾಗಿಲಿಗೆ ಬಂದದ್ದನ್ನು ಅವಳು ನೋಡಿರಲಿಲ್ಲ.

ಅಡುಗೆಮನೆಯಲ್ಲಿ ಅವಳು ತನ್ನ ಎರಡು ಚಿನ್ನದ ಬಳೆ ಬಿಚ್ಚಿ ಮಗಳ ಕೈಗಿಟ್ಟಳು. "ಇಟ್ಕೋ. ಯಾವತ್ತಾದ್ರೂ ವಾಪಸ್ ಬರಬೇಕು ಅನ್ಸಿದ್ರೆ ಬೇಕಾಗುತ್ತೆ."

ಮಗಳು ಕೈ ಹಿಂದಕ್ಕೆಳೆದುಕೊಂಡಳು. "ಬೇಡಮ್ಮ. ಅವರು ನನ್ನ ಚೀಲ ನೋಡ್ತಾರೆ."

"ನೋಡ್ತಾರಾ? ಯಾಕೆ?"

"ದಿನಾ ನೋಡ್ತಾರೆ" ಎಂದಳು ಮಗಳು, ಹಾಲು ತರುವವನ ವಿಷಯ ಹೇಳಿದ ಹಾಗೆ. "ಪಾಸ್‌ಪೋರ್ಟೂ ಅವರ ಹತ್ರಾನೇ ಇದೆ. ನಾನು ಕಳೀತೀನಂತೆ."

ಹೋಗಬೇಡ ಕಣೇ ಎಂದು ಗಾಜಕ್ಕ ಅವಳ ತೋಳು ಹಿಡಿದಳು. ಮಗಳು ಬಾಗಿಲ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಹಜಾರದಲ್ಲಿ ಕುರ್ಚಿ ಸರಿದ ಸದ್ದು ಕೇಳಿಸಿತು.

ಆಮೇಲೆ ಗಾಜಕ್ಕ ತನಗೆ ಬರುವ ಒಂದೇ ವಿದ್ಯೆಗೆ ಶರಣಾದಳು. ಮೊದಲ ಪೆಟ್ಟಿಗೆ ಕಟ್ಟಲು ಕೂತಳು. ಬಳೆಗಳನ್ನು ಮಗಳ ಕೆಂಪು ಕಪ್ಪಿನೊಳಗಿಟ್ಟು, ಅದರ ಮೇಲೆ ಪೇಪರು, ಪೇಪರಿನ ಮೇಲೆ ಟವೆಲ್ಲು ಸುತ್ತಿದಳು. ಚಾಕುಗಳ ಚೀಲ ಮತ್ತು ಸರ್ಟಿಫಿಕೇಟು ಚಾದರದ ಮಡಿಕೆಯೊಳಗೆ ಸೇರಿದವು. ಬೆರಳಿನಲ್ಲೇ ಕೀಳಲು ಬರಲಿ ಎಂದು, ಎಂದಿನಂತೆ, ಟೇಪಿನ ತುದಿಯನ್ನು ಮಡಚಿ ಅಂಟಿಸಿದಳು. ಅಳಿಯ ಹೇಳಿದ ವಿಳಾಸವನ್ನು ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು. ಮಗಳ ಕಿವಿಯಲ್ಲಿ, "ಇದನ್ನ ನೀನೇ ಬಿಚ್ಚು. ಕೆಂಪು ಕಪ್ಪು" ಎಂದಳು. ಎಷ್ಟೋ ದಿನದ ಮೇಲೆ ಮಗಳ ಮುಖದಲ್ಲಿ ಒಂದಿಷ್ಟು ಜೀವ ಕಂಡಿತು.

ಲಾರಿ ಗಾಜಕ್ಕನ ಕಂಪನಿಯದಲ್ಲ. "ನಿಮ್ಮವರಿಗೆ ಯಾಕೆ ತೊಂದ್ರೆ" ಎಂದು ಅಳಿಯ ಗಡಿಯಾಚೆಯಿಂದಲೇ ತರಿಸಿದ್ದ. ಹಮಾಲರು ಸರಸರ ಏರಿಸುತ್ತಿದ್ದರು. ಗಾಜಕ್ಕ ಮಾತ್ರ ತನ್ನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟುಕೊಂಡು ಕಾವಲು ನಿಂತಳು. ಒಬ್ಬ ಎತ್ತಿಕೊಳ್ಳಲು ಬಂದಾಗ, "ತಡಿಯಪ್ಪಾ, ಇದು ಕೊನೆಗೆ" ಎಂದು ತಾನೇ ತಡೆದಳು. ಎಲ್ಲಾ ಮುಗಿಯುವ ಹೊತ್ತಿಗೆ ಅಳಿಯ ಬಂದ.

"ಅತ್ತೆ, ಅವಳು ಒಳಕೋಣೆಯಲ್ಲಿ ಅಳ್ತಾ ಕೂತಿದ್ದಾಳೆ. ಸ್ವಲ್ಪ ಸಮಾಧಾನ ಮಾಡಿ."

ಅವಳು ಒಳಗೆ ಓಡಿದಳು. ತಾಯಿ ಮಗಳು ಹೊರಗೆ ಬರುವಷ್ಟರಲ್ಲಿ ಲಾರಿಯ ಬಾಗಿಲಿಗೆ ಬೀಗ ಬಿದ್ದಿತ್ತು, ಮೆಟ್ಟಿಲು ಖಾಲಿಯಾಗಿತ್ತು.

"ಪೆಟ್ಟಿಗೆ?"

"ನೀವು ಹೇಳಿದ ಹಾಗೇ ಅತ್ತೆ, ಕೊನೆಗೆ" ಎಂದು ಅವನು ಕಾರಿನ ಬಾಗಿಲು ತೆಗೆದು ಹೆಂಡತಿಯನ್ನು ಕೂರಿಸಿದ.

ಮಾರನೆಯ ದಿನ ಗಾಜಕ್ಕ ಮಗಳ ಬಾಡಿಗೆ ಮನೆ ಗುಡಿಸಿ ಬೀಗದ ಕೈ ಒಪ್ಪಿಸಲು ಹೋದಳು. ಅಡುಗೆಮನೆಯ ಬಾಗಿಲ ಹಿಂದೆ ಪೆಟ್ಟಿಗೆ ಕೂತಿತ್ತು. ಲಾರಿಯಲ್ಲಿ ಜಾಗ ಸಾಲದೆ ಬಿಟ್ಟು ಹೋಗಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ಅದರ ಮುಂದೆ ಕೂತಳು. ಟೇಪಿನ ತುದಿ ಮಡಚಿರಲಿಲ್ಲ. ಅದು ಅವಳು ಅಂಟಿಸಿದ ಟೇಪಲ್ಲ.

ಒಳಗೆ ಏನೂ ಕಡಿಮೆಯಾಗಿರಲಿಲ್ಲ. ಚಾದರವನ್ನು ಮತ್ತೆ ನೀಟಾಗಿ ಮಡಚಿ, ಅದರ ಮೇಲೆ ಎರಡು ಬಳೆಗಳನ್ನು ಅಕ್ಕಪಕ್ಕ ಇಡಲಾಗಿತ್ತು.

ಮಗಳ ಫೋನು ಸ್ವಿಚ್ ಆಫ್ ಆಗಿತ್ತು. ಅಳಿಯನಿಗೆ ಮಾಡಿದಳು. ಅವನು ತಕ್ಷಣ ಎತ್ತಿದ.

"ಅವಳು ಮಲಗಿದ್ದಾಳೆ ಅತ್ತೆ."

"ಇಷ್ಟು ಹೊತ್ತಿನಲ್ಲಾ? ಮಧ್ಯಾಹ್ನ ಅಲ್ವಾ?"

"ಸುಸ್ತಾಗಿದೆ ಪಾಪ" ಎಂದ ಅದೇ ಮೆತ್ತನೆಯ ದನಿಯಲ್ಲಿ. ಆಮೇಲೆ ಕೇಳಿದ, "ಪೆಟ್ಟಿಗೆ ಸಿಕ್ತಾ?"

ಗಾಜಕ್ಕನಿಗೆ ಭಯವಾಯಿತು. ಜೀವಮಾನದಲ್ಲಿ ಅಂಥ ಭಯ ಅವಳಿಗೆ ಆಗಿರಲಿಲ್ಲ. ಊರಿನವರಿಗೆಲ್ಲ ಏನು ಒಯ್ಯಬೇಕು, ಏನು ಬಿಡಬೇಕು ಎಂದು ಹೇಳಿಕೊಟ್ಟವಳಿಗೆ ತನ್ನದನ್ನು ಆರಿಸಲು ಹೊತ್ತು ಹಿಡಿಯಲಿಲ್ಲ. ಬಳೆ ತಗೊಂಡಳು, ಚಾಕುಗಳ ಚೀಲ ತಗೊಂಡಳು, ಮೂಲೆಯಲ್ಲಿದ್ದ ಮಗಳ ದಪ್ಪ ಕೋಟು ತಗೊಂಡಳು. ಪೆಟ್ಟಿಗೆಯ ಮೇಲೆ ವಿಳಾಸ ಬರೆದಿದ್ದ ತುಂಡನ್ನು ಕತ್ತರಿಸಿ ಕುಪ್ಪಸದೊಳಗಿಟ್ಟುಕೊಂಡಳು. ಕಂಪನಿಯ ಕೆಲಸಕ್ಕೆ ಒಮ್ಮೆ ಗಡಿ ದಾಟಿದ್ದರಿಂದ ಅವಳಿಗೆ ಪಾಸ್‌ಪೋರ್ಟು ಇತ್ತು. ಮನೆಗೆ ಹೋಗಿ ಅದನ್ನೂ ತಗೊಂಡು, ದಾರಿಯಲ್ಲಿ ಬಳೆ ಮಾರಿ ಬಸ್ ನಿಲ್ದಾಣಕ್ಕೆ ನಡೆದಳು.

"ಎಷ್ಟು ಜನ?" ಎಂದ ಕೌಂಟರಿನವನು.

"ಹೋಗೋಕೆ ಒಂದು. ಬರೋಕೆ ಎರಡು."

ಅವನು ಅವಳ ಪಾಸ್‌ಪೋರ್ಟು ನೋಡಿ ಬರೆದುಕೊಂಡು, ಮತ್ತೆ ಕೈ ಚಾಚಿದ. "ಇನ್ನೊಬ್ಬರದು ಕೊಡಿ ಅಮ್ಮ. ಅದಿಲ್ದೆ ಈ ಕಡೆ ಬಿಡಲ್ಲ."

ಗಾಜಕ್ಕ ಕೋಟನ್ನು ಎದೆಗೆ ಅವುಚಿಕೊಂಡು, ಚಾಚಿದ ಆ ಕೈಯನ್ನೇ ನೋಡುತ್ತಾ ನಿಂತಳು. ಹಿಂದಿನ ಸಾಲಿನವರು ಗೊಣಗತೊಡಗಿದರು. "ಹಾಗಾದ್ರೆ ಹೋಗೋದೊಂದೇ ಕೊಡಪ್ಪಾ" ಎಂದಳು.